ದುಬಾರಿ ಟಿವಿಯ ನಾಲ್ಕು ಬೋಲ್ಟು

ದುಡ್ಡು ಜಾಸ್ತಿ ಕೊಟ್ಟರೆ ಟಿವಿ ಒಳ್ಳೇದಿರುತ್ತಾ ಅಂತ ನನ್ನನ್ನು ಕೇಳದ ಮನೆಯೇ ಇಲ್ಲ. ನಾನು ಟಿವಿ ಮಾರುವವನೂ ಅಲ್ಲ, ರಿಪೇರಿಯವನೂ ಅಲ್ಲ. ಗೋಡೆಗೆ ಕೂರಿಸುವವನು. ಅಂಗಡಿಯವರು ಡಬ್ಬ ತಂದು ನಡುಮನೆಯಲ್ಲಿಟ್ಟು ಹೋಗುತ್ತಾರೆ, ಮಾರನೇ ದಿನ ನಾನು ಡ್ರಿಲ್ಲು, ಏಣಿ ಹೊತ್ತು ಹೋಗುತ್ತೇನೆ. ಏಣಿ ಬಿಚ್ಚುವಷ್ಟರಲ್ಲಿ ಮನೆ ಯಜಮಾನರು ಮೆಲ್ಲಗೆ ಪಕ್ಕಕ್ಕೆ ಬಂದು, ಹೆಂಡತಿಗೆ ಕೇಳಿಸದ ಹಾಗೆ, "ಅಲ್ರೀ, ಇಷ್ಟು ಕೊಟ್ಟಿದ್ದು ದಂಡ ಆಯ್ತಾ?" ಅಂತಾರೆ. ಡಬ್ಬ ಬಿಚ್ಚಿದ ಮೇಲೆ ಕೇಳೋ ಪ್ರಶ್ನೆನಾ ಇದು? ನಾನೂ ಹನ್ನೆರಡು ವರ್ಷದಿಂದ ಒಂದೇ ಉತ್ತರ ಒಪ್ಪಿಸುತ್ತಾ ಬಂದಿದ್ದೆ. "ದುಬಾರಿ ಮಾಲು ದುಬಾರಿ ಮಾಲೇ ಸಾರ್. ಕಣ್ಣು ಮುಚ್ಚಿಕೊಂಡು ನಂಬಿ."

ಮೊನ್ನೆ ಗುರುವಾರ ಬೆಳಿಗ್ಗೆ ಒಬ್ಬ ಟೀಚರಮ್ಮನ ಮನೆಯಿಂದ ಫೋನು ಬಂತು. ಟಿವಿ ಹಿಂದೆ ಗೋಡೆ ಕರಕರ ಅನ್ನುತ್ತಿದೆಯಂತೆ, ಕೆಳಗೆ ಮರಳು ಮರಳಾಗಿ ಏನೋ ಉದುರುತ್ತಿದೆಯಂತೆ. ಅದನ್ನು ಕೂರಿಸಿದ್ದು ನಾನಲ್ಲ, ಬೇರೆ ಯಾವನೋ. ನಾನು ನಕ್ಕೆ. "ಇಲಿ ಇರಬೇಕು ಮೇಡಂ, ನಿಮ್ಮ ಜೊತೆ ಸೀರಿಯಲ್ ನೋಡೋಕೆ ಬಂದಿದೆ" ಅಂದೆ. ಆಯಮ್ಮ ನಗಲಿಲ್ಲ.

ಹತ್ತೂವರೆಗೆ ಹೋಗಿ ಏಣಿ ಹತ್ತಿ ಟಿವಿಯ ಮೇಲಿನ ಅಂಚಿಗೆ ಎರಡು ಬೆರಳು ಹಾಕಿ ಜಗ್ಗಿದೆ. ಇಡೀ ಟಿವಿ ನನ್ನ ಕೈಗೇ ಬಂತು. ಕೂಗಿ ಟೀಚರಮ್ಮನನ್ನು ಕರೆದು, ಅವರೊಂದು ಕಡೆ ನಾನೊಂದು ಕಡೆ ಹಿಡಿದು, ಅದನ್ನು ಸೋಫಾದ ಮೇಲೆ ಮಲಗಿಸುವಷ್ಟರಲ್ಲಿ ಬೆವರು ಕಿತ್ತುಕೊಂಡು ಬಂತು. ಆಮೇಲೆ ಗೋಡೆ ನೋಡಿದೆ. ಮೇಲಿನ ಎರಡು ಬೋಲ್ಟು ಎರಡೆರಡು ಬೆರಳಿನಷ್ಟು ಆಚೆ ಬಂದಿದ್ದವು. ಒಂದನ್ನು ಹಿಡಿದು ಎಳೆದರೆ ಬೆಣ್ಣೆಯಿಂದ ಬಂದ ಹಾಗೆ ಬಂತು.

ಒಳ್ಳೇ ದಪ್ಪ ಬೋಲ್ಟು. ಪಳಪಳ ಹೊಳೆಯುತ್ತಿತ್ತು. ತಲೆಯ ಮೇಲೆ ಕಂಪನಿಯ ಅಕ್ಷರ ಕೊರೆದಿತ್ತು. ಬಿಗಿ ಮಾಡಿದ ಹಾಗೆ ಒಳಗೆ ಅರಳಿ ಗೋಡೆಯನ್ನು ಕಚ್ಚಿ ಹಿಡಿಯುವ ಜಾತಿ ಅದು. ಗಟ್ಟಿ ಗೋಡೆಯಾದರೆ ಇಬ್ಬರು ಗಂಡಸರು ಜೋತುಬಿದ್ದರೂ ಅಲ್ಲಾಡಲ್ಲ. ಆದರೆ ಈ ಮನೆಯದು ಟೊಳ್ಳು ಇಟ್ಟಿಗೆ. ಒಳಗೆ ಕಚ್ಚುವುದಕ್ಕೆ ಗಾಳಿ ಬಿಟ್ಟರೆ ಏನೂ ಇರಲಿಲ್ಲ.

"ಎಷ್ಟು ದಿನ ಆಯ್ತು ಮೇಡಂ ಹಾಕಿಸಿ?"

"ಮೂರು ವಾರ ಆಗಿಲ್ಲ. ಅಷ್ಟೊಂದು ರೇಟಿನ ಟಿವಿ ರೀ ಇದು!"

ಆಗ ನಾನು ಸೋಫಾದ ಮೇಲೆ ಮಲಗಿದ್ದ ಟಿವಿಯನ್ನು ಸರಿಯಾಗಿ ನೋಡಿದೆ. ಅದೇ ಕಂಪನಿ, ಅದೇ ಅಳತೆ, ಅದೇ ಮಾಡಲ್. ಹದಿನೆಂಟು ದಿನದ ಹಿಂದೆ ನಮ್ಮಕ್ಕನ ಮನೆ ಗೋಡೆಗೆ ನನ್ನ ಕೈಯಾರೆ ಕೂರಿಸಿ ಬಂದಿದ್ದು ಇದೇ ಟಿವಿ, ಇದೇ ಬೋಲ್ಟು.

ನನ್ನ ಕೆಲಸದ ಕ್ರಮ ಹೇಳುತ್ತೇನೆ ಕೇಳಿ, ಇಲ್ಲದಿದ್ದರೆ ನಾನೆಂಥ ಮುಠ್ಠಾಳ ಅನ್ನೋದು ನಿಮಗೆ ಗೊತ್ತಾಗಲ್ಲ. ಅಗ್ಗದ ಟಿವಿ ಬಂದರೆ ಅದರ ಜೊತೆ ಬರುವ ಬೋಲ್ಟನ್ನು ನಾನು ಮೂಸಿಯೂ ನೋಡಲ್ಲ, ಸೀದಾ ಕಸದ ಬುಟ್ಟಿಗೆ. ಗೋಡೆಯನ್ನು ಮೂರು ಕಡೆ ಗೆಣ್ಣಿನಲ್ಲಿ ಬಡಿದು ಸದ್ದು ಕೇಳುತ್ತೇನೆ. ಡ್ರಿಲ್ ಹೊಡೆದಾಗ ಬೀಳುವ ಪುಡಿ ನೋಡುತ್ತೇನೆ. ಟೊಳ್ಳು ಅಂತ ಅನುಮಾನ ಬಂದರೆ ನನ್ನ ತಗಡಿನ ಡಬ್ಬಿಯಿಂದ ಬೇರೆ ಬೋಲ್ಟು ತೆಗೆಯುತ್ತೇನೆ, ಗೋಡೆಯ ಹಿಂದೆ ಹೋಗಿ ರೆಕ್ಕೆ ಬಿಚ್ಚಿಕೊಳ್ಳುವಂಥದ್ದು. ಹನ್ನೆರಡು ವರ್ಷದಲ್ಲಿ ನಾನು ಹಾಕಿದ ಒಂದೇ ಒಂದು ಅಗ್ಗದ ಟಿವಿಯೂ ಬಿದ್ದಿಲ್ಲ.

ಅಕ್ಕನ ಮನೆಯಲ್ಲಿ ಇದ್ಯಾವುದನ್ನೂ ಮಾಡಲಿಲ್ಲ. ಯಾಕೆ? ಟಿವಿ ದುಬಾರಿ!

ಅದನ್ನು ಕೊಳ್ಳುವ ಹಾಗೆ ಮಾಡಿದ್ದೂ ನಾನೇ. ಭಾವ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಿಷನ್ ನಡೆಸುವ ಮನುಷ್ಯ, ಲೆಕ್ಕಾಚಾರದವರು. ಅಂಗಡಿಯಲ್ಲಿ ಎರಡು ಟಿವಿ ಅಕ್ಕಪಕ್ಕ ನಿಲ್ಲಿಸಿದ್ದರು. ಭಾವ ಅದನ್ನೊಂದು ಸಲ ಇದನ್ನೊಂದು ಸಲ ನೋಡಿ, "ನನ್ನ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತಪ್ಪ. ಮೂರು ಪಟ್ಟು ಯಾಕೆ ಕೊಡಬೇಕು?" ಅಂದರು. ಕೇಳಬೇಕಾದ ಪ್ರಶ್ನೆಯೇ. ನಾನು ಅಂಗಡಿ ಹುಡುಗಿಯ ಎದುರಿಗೇ, "ಮಗಳ ಕಣ್ಣಿಗಿಂತ ದುಡ್ಡು ಹೆಚ್ಚಾಯ್ತಾ ಭಾವ?" ಅಂತ ಅವರ ಮಾನ ತೆಗೆದೆ. ಭಾವ ದುಬಾರಿಯದಕ್ಕೆ ಕೈ ತೋರಿಸಿದರು.

ಮನೆಯಲ್ಲಿ ಡಬ್ಬ ಬಿಚ್ಚಿದರೆ ಬೋಲ್ಟುಗಳನ್ನೂ ಮೆತ್ತಗಿನ ಗೂಡಿನೊಳಗೆ ಒಂದೊಂದಾಗಿ ಮಲಗಿಸಿದ್ದರು. "ನೋಡಿ ಭಾವ, ಬೋಲ್ಟಿಗೂ ಹಾಸಿಗೆ ಹಾಸಿದ್ದಾರೆ. ಇದಕ್ಕೆ ಕ್ವಾಲಿಟಿ ಅನ್ನೋದು" ಅಂತ ಜಂಬ ಕೊಚ್ಚಿದೆ. ಬಲಗಡೆ ಮೇಲಿನ ತೂತು ಕೊರೆಯುವಾಗ ಡ್ರಿಲ್ಲು ಒಂದು ಸಲ ಪುಸಕ್ ಅಂತ ಒಳಗೆ ಹೋಯಿತು. ಕೈಗೆ ಗೊತ್ತಾಯ್ತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿ ಗೊತ್ತಾಯ್ತು. ಆದರೆ ಬಾಯಿಗೆ ಬಿಡುವಿರಲಿಲ್ಲ. ಇಷ್ಟು ದುಡ್ಡು ತಗೊಂಡವರು ಬೋಲ್ಟೂ ಒಳ್ಳೇದೇ ಕೊಟ್ಟಿರುತ್ತಾರೆ ಬಿಡು ಅಂದುಕೊಂಡು ಬಿಗಿ ಮಾಡಿ ಇಳಿದೆ.

ಅಕ್ಕನಿಗೆ ಒಬ್ಬಳೇ ಮಗಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಕೂಸು, ಈಗ ಮೂರೂವರೆ. ಕೀಚಲು ದನಿಯಲ್ಲಿ ಅತ್ತು ಓಣಿಯನ್ನೇ ಎಬ್ಬಿಸುತ್ತಾಳೆ ಅಂತ ನಾನು ಪಿಟೀಲು ಅಂತ ಹೆಸರಿಟ್ಟಿದ್ದೆ, ಈಗ ಎಲ್ಲರೂ ಹಾಗೇ ಕರೀತಾರೆ. ಪಿಟೀಲಿಗೆ ಹನ್ನೊಂದು ಗಂಟೆಗೆ ಒಂದು ಕಪ್ಪೆಯ ಕಾರ್ಟೂನು. ಪುಟ್ಟ ಸ್ಟೂಲು ಎಳೆದುಕೊಂಡು ಹೋಗಿ ಟಿವಿಯ ಕೆಳಗೇ ಕೂತು, ಕುತ್ತಿಗೆ ಎತ್ತಿ, ಬಾಯಿ ಬಿಟ್ಟುಕೊಂಡು ನೋಡುತ್ತಾಳೆ. ಹತ್ತಿರ ಕೂರಬೇಡ ಅಂತ ಅಕ್ಕ ದಿನಾ ಗದರುತ್ತಿದ್ದಳು. ನಾನೇ ಫೋನಿನಲ್ಲಿ, "ನೋಡಲಿ ಬಿಡೇ, ಒಳ್ಳೇ ಟಿವಿ, ಕಣ್ಣಿಗೇನೂ ಆಗಲ್ಲ" ಅಂದಿದ್ದೆ.

ಟೀಚರಮ್ಮನ ಗೋಡೆ ಗಡಿಯಾರದಲ್ಲಿ ಹತ್ತು ಐವತ್ತು.

ಅಕ್ಕನಿಗೆ ಫೋನು ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದೆ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಮಿಷನ್ ತುಳಿಯುವಾಗ ಪಕ್ಕದಲ್ಲಿ ಪಟಾಕಿ ಹೊಡೆದರೂ ಕೇಳಲ್ಲ. "ಎತ್ತೇ, ಎತ್ತೇ ಮಾರಾಯ್ತಿ" ಅಂತ ಫೋನಿಗೆ ಬೈಯುತ್ತಾ ಮೆಟ್ಟಿಲಿಳಿದೆ. ಏಣಿ, ಡ್ರಿಲ್ಲು ಎಲ್ಲಾ ಅಲ್ಲೇ ಬಿಟ್ಟೆ. ಟೀಚರಮ್ಮ ಹಿಂದಿನಿಂದ ಏನೋ ಕೂಗುತ್ತಿದ್ದರು.

ಭಾವನ ಪ್ರೆಸ್ಸಿಗೆ ಮಾಡಿದೆ. ಆಫೀಸಿನ ಗುಮಾಸ್ತ ಎತ್ತಿದ. ಮಿಷನ್ ಓಡುವಾಗ ಕರೆಯೋ ಹಾಗಿಲ್ಲ, ಏನಂತ ಹೇಳಿ ತಿಳಿಸುತ್ತೇನೆ ಅಂದ.

"ಮನೆಗೆ ಫೋನ್ ಮಾಡೋಕೆ ಹೇಳಿ. ಮಗೂನ ಟಿವಿ ಹತ್ತಿರ ಬಿಡಬೇಡಿ ಅಂತ. ಅರ್ಜೆಂಟು."

"ಏನ್ ಸ್ವಾಮಿ, ಮಗು ಟಿವಿ ನೋಡಬಾರದು ಅಂತ ಹೇಳೋಕೆ ಪ್ರೆಸ್ಸಿಗೆ ಫೋನಾ?" ಅಂತ ಇಟ್ಟೇಬಿಟ್ಟ.

ಟಿವಿ ಬೀಳುತ್ತೆ ಅಂತ ಯಾಕೆ ಹೇಳಲಿಲ್ಲ? ಹೇಳಿದರೆ ಅದು ಆಗಿಯೇಬಿಡುತ್ತೇನೋ ಅನ್ನಿಸಿತು. ಭಾವನಿಗೆ ಗೊತ್ತಾಗುತ್ತೆ ಅನ್ನೋ ಭಯವೂ ಇತ್ತು. ಅಂಥ ಹೊತ್ತಿನಲ್ಲೂ ಇತ್ತು, ಥೂ.

ಗಾಡಿ ಹತ್ತಿ ಅಕ್ಕನ ಮನೆ ಕಡೆ ಓಡಿಸಿದೆ. ದೊಡ್ಡ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಅಲ್ಲಿ ನಿಂತಾಗ ತಲೆಯೊಳಗೆ ತೂಕದ ಲೆಕ್ಕ ಶುರುವಾಯ್ತು. ಇಪ್ಪತ್ತೆಂಟು ಕೆಜಿ ಅಂತ ಡಬ್ಬದ ಮೇಲೆ ಬರೆದಿತ್ತು. ಪಿಟೀಲನ್ನು ಮೊನ್ನೆ ಡಾಕ್ಟರ ಹತ್ತಿರ ತೂಗಿಸಿದಾಗ ಹದಿಮೂರು. ದುಬಾರಿಯದಕ್ಕೆ ಒಳಗೆ ಕಬ್ಬಿಣದ ಚೌಕಟ್ಟು ಗಟ್ಟಿ, ಅದಕ್ಕೇ ತೂಕ ಅಂತ ಆ ದಿನ ಹೆಮ್ಮೆಯಿಂದ ಹೇಳಿದ್ದವನೂ ನಾನೇ. ಬೇಡ ಬೇಡ ಅಂದರೂ ತಲೆ ಬರೀ ಅದನ್ನೇ ನೋಡುತ್ತಿತ್ತು: ಸ್ಟೂಲು, ಎತ್ತಿದ ಮುಖ, ಬಾಯಿ ಬಿಟ್ಟುಕೊಂಡು ಕೂತಿರುವ ಮಗು. ಹನ್ನೊಂದು ಹೊಡೆದು ಐದು ನಿಮಿಷ.

ಹಿಂದಿನಿಂದ ಆಂಬುಲೆನ್ಸ್ ಸದ್ದು ಬಂತು. ಎಲ್ಲರೂ ಪಕ್ಕಕ್ಕೆ ಸರಿದರು. ಅದು ನಮ್ಮನ್ನು ದಾಟಿ ಎಡಕ್ಕೆ ತಿರುಗಿತು. ಅಕ್ಕನ ಮನೆಯೂ ಎಡಕ್ಕೇ. ಕೆಂಪಿದ್ದರೂ ಲೆಕ್ಕಿಸದೆ ಆಂಬುಲೆನ್ಸಿನ ಹಿಂದೆಯೇ ಗಾಡಿ ನುಗ್ಗಿಸಿದೆ. ಪೊಲೀಸು ಸೀಟಿ ಹೊಡೆದ. ಹೊಡ್ಕೋ ಹೋಗು ಅಂದೆ. ಮುಂದೆ ಆಂಬುಲೆನ್ಸ್ ಸೇತುವೆ ಕಡೆ ಹೋಯಿತು, ನಾನು ಓಣಿಗೆ ತಿರುಗಿದೆ. ಯಾರ ಮನೆಗೋ ಏನೋ, ನಮ್ಮ ಮನೆಗಲ್ಲ ಅಂತ ಸಮಾಧಾನಪಟ್ಟ ಪಾಪಿ ನಾನು.

ಅಕ್ಕನದು ಮೂರನೇ ಮಹಡಿ. ಎರಡನೇ ಮಹಡಿಯಲ್ಲಿ ಬಾಗಿಲ ಹೊರಗೆ ಇಬ್ಬರು ಹೆಂಗಸರು ಪಿಸುಪಿಸು ಮಾತಾಡುತ್ತಾ ನಿಂತಿದ್ದರು. ನನ್ನನ್ನು ನೋಡಿ ದಾರಿ ಬಿಟ್ಟರು.

"ಏನಾಯ್ತು?" ಅಂದೆ.

"ಮೇಲೆ ಏನೋ ಭಾರಿ ಸದ್ದಾಯ್ತಪ್ಪ," ಅಂದಳು ಅವರಲ್ಲಿ ವಯಸ್ಸಾದ ಅಜ್ಜಿ. "ಮಗು ಕಿರುಚಿತು. ಆಮೇಲೆ ಸದ್ದೇ ಇಲ್ಲ."

ಆ ಕೊನೆಯ ಹದಿನಾರು ಮೆಟ್ಟಿಲು ನಾನು ಹೇಗೆ ಹತ್ತಿದೆನೋ ಗೊತ್ತಿಲ್ಲ. ಪಿಟೀಲು ಅಳುತ್ತಿದ್ದರೆ ಸಾಕು, ಅಳುತ್ತಿದ್ದರೆ ಸಾಕು ಅಂತ ಕಿವಿ ಕೊಟ್ಟೆ. ಏನೂ ಕೇಳಿಸಲಿಲ್ಲ.

ಬಾಗಿಲು ತೆರೆದೇ ಇತ್ತು. ಟಿವಿ ನೆಲದ ಮೇಲೆ ಬೋರಲು ಬಿದ್ದಿತ್ತು. ಅದರಡಿಯಿಂದ ಸ್ಟೂಲಿನ ಒಂದು ಕಾಲು ಮುರಿದು ಆಚೆ ಚಾಚಿಕೊಂಡಿತ್ತು. ಗೋಡೆಯಲ್ಲಿ ನಾಲ್ಕು ತೂತು. ಅಕ್ಕ ಪೊರಕೆ ಹಿಡಿದು ಗಾಜಿನ ಚೂರುಗಳ ನಡುವೆ ನಿಂತಿದ್ದಳು.

"ಪಿಟೀಲು ಎಲ್ಲೇ?" ಅಂತ ಕೇಳಿದೆ.

ಅಕ್ಕ ಹೊಲಿಗೆ ಮಿಷನ್ನಿನ ಕಡೆ ಕೈ ತೋರಿಸಿದಳು. ಅದರ ಹಿಂದೆ, ಗೋಡೆ ಮೂಲೆಯಲ್ಲಿ, ಪಿಟೀಲು ಮುದುಡಿ ಕೂತಿದ್ದಳು. ಕೈಯಲ್ಲೊಂದು ಬಿಸ್ಕತ್ತು. ಕೆನ್ನೆಯ ಮೇಲೆ ನಾಲ್ಕು ಬೆರಳು ಕೆಂಪಗೆ ಮೂಡಿತ್ತು. ಬಾಯಿ ಬಿಟ್ಟು ಅಳುವುದಕ್ಕೂ ಹೆದರಿ ತುಟಿ ಒತ್ತಿಕೊಂಡಿದ್ದಳು.

ಹೋಗಿ ಎತ್ತಿಕೊಂಡೆ. ತಲೆ, ಕೈ, ಕಾಲು, ಬೆರಳು ಎಲ್ಲಾ ಮುಟ್ಟಿ ಮುಟ್ಟಿ ನೋಡಿದೆ. ಎಲ್ಲೂ ಏನೂ ಇರಲಿಲ್ಲ.

"ಮಾಮ, ನಾನು ಮುಟ್ಟಿಲ್ಲ," ಅಂದಳು ಕಿವಿಯ ಹತ್ತಿರ. "ಬಿಸ್ಕತ್ ತರೋಕೆ ಹೋಗಿದ್ದೆ."

"ಮಾಡೋದೂ ಮಾಡಿ ಸುಳ್ಳು ಬೇರೆ!" ಅಕ್ಕ ಅಳುತ್ತಾ ಕೂಗಿದಳು. "ಒಂದಿಷ್ಟು ಬಟ್ಟೆ ಹೊಲಿಯೋಕೆ ಕೂತಿದ್ದೆ ಕಣೋ, ಅಷ್ಟರಲ್ಲಿ ಜೋತುಬಿದ್ದು ಎಳೆದುಹಾಕಿದ್ದಾಳೆ. ನಿಜ ಹೇಳು ಅಂತ ಬಾರಿಸಿದರೂ ಬಾಯಿ ಬಿಡ್ತಿಲ್ಲ. ನೀನು ಅಷ್ಟು ಆಸೆಪಟ್ಟು ಕೊಡಿಸಿದ್ದು. ನಿನ್ನ ಭಾವ ಬಂದರೆ ಏನು ಹೇಳಲಿ? ಅಷ್ಟು ದುಬಾರಿ ಟಿವಿ ತಾನಾಗಿ ಬೀಳುತ್ತೇನೋ? ನೀನೇ ಹೇಳು."

ನೀನೇ ಹೇಳು ಅಂದಳು. ನಿಜ ಹೇಳುತ್ತೇನೆ, ಒಂದು ಗಳಿಗೆ ನಾನು ಸುಮ್ಮನಿದ್ದೆ. ಮಗುವಿಗೆ ಏನೂ ಆಗಿಲ್ಲವಲ್ಲ. ಏಟೂ ಬಿದ್ದು ಮುಗಿದಿದೆ. ನಾಳೆ ಅದಕ್ಕೆ ನೆನಪೂ ಇರಲ್ಲ. ಭಾವ ನಾಲ್ಕು ಮಾತು ಬೈದು ಸುಮ್ಮನಾಗುತ್ತಾರೆ. ಮಕ್ಕಳಿರೋ ಮನೆ ಅಂದರೆ ಹೀಗೇ ಅಂತ ಒಂದು ಮಾತು ಅಂದರೆ ಸಾಕಿತ್ತು, ಅಕ್ಕ ನಂಬುತ್ತಿದ್ದಳು. ಟಿವಿ ವಿಷಯದಲ್ಲಿ ನಾನು ಹೇಳಿದ್ದೇ ಆ ಮನೆಯಲ್ಲಿ ಕೊನೆಯ ಮಾತು.

ಪಿಟೀಲು ನನ್ನ ಶರ್ಟಿನ ಕಾಲರನ್ನು ಬಿಗಿಯಾಗಿ ಹಿಡಿದುಕೊಂಡಳು. ಬಿಸ್ಕತ್ತಿನ ಪುಡಿ ಕುತ್ತಿಗೆಯೊಳಗೆ ಉದುರಿತು.

"ಅವಳು ಮುಟ್ಟಿಲ್ಲ ಅಕ್ಕ," ಅಂದೆ. "ತಾನಾಗೇ ಬಿದ್ದಿದ್ದು. ನಿಮ್ಮ ಗೋಡೆ ಟೊಳ್ಳು. ಆ ಬೋಲ್ಟು ಇದಕ್ಕೆ ಆಗಲ್ಲ. ನಾನು ನೋಡಲೇ ಇಲ್ಲ. ಅಲ್ಲ, ಕೊರೆಯುವಾಗ ಗೊತ್ತಾಗಿತ್ತು. ಗೊತ್ತಾಗಿಯೂ ಹಾಕಿದೆ. ಇವತ್ತು ಇನ್ನೊಂದು ಮನೇಲಿ ಇದೇ ಟಿವಿ ಕೈಗೆ ಬಂತು, ಅದಕ್ಕೇ ಓಡಿ ಬಂದೆ. ಎಷ್ಟು ಸಲ ಫೋನ್ ಮಾಡಿದೆ ಗೊತ್ತಾ."

ಅಕ್ಕನ ಅಳು ನಿಂತಿತು. ಬೈಯುತ್ತಾಳೆ ಅಂತ ಕಾದೆ. ಪೊರಕೆಯಲ್ಲೇ ನಾಲ್ಕು ಬಾರಿಸಿದ್ದರೂ ನನಗೆ ಜೀವ ತಣ್ಣಗಾಗುತ್ತಿತ್ತು. ಅವಳು ಬಗ್ಗಿ ಟಿವಿಯ ಅಂಚನ್ನು ಎತ್ತಲು ನೋಡಿದಳು, ಆಗಲಿಲ್ಲ, ಅಷ್ಟು ಭಾರ. ಅಡಿಯಲ್ಲಿ ಚಪ್ಪಟೆಯಾಗಿದ್ದ ಸ್ಟೂಲನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು. ಆಮೇಲೆ ಮಗಳ ಕೆನ್ನೆ ನೋಡಿದಳು.

ಹತ್ತಿರ ಬಂದು ಎರಡೂ ಕೈ ಚಾಚಿದಳು. "ಕೊಡು ಇಲ್ಲಿ."

ಕೊಟ್ಟೆ. ಕಾಲರು ಹಿಡಿದಿದ್ದ ಬೆರಳುಗಳನ್ನು ಅವಳೇ ಒಂದೊಂದಾಗಿ ಬಿಡಿಸಿದಳು. ಮಗುವನ್ನು ಎದೆಗೆ ಅವುಚಿಕೊಂಡು, ಕೆನ್ನೆಗೆ ಕೆನ್ನೆ ಒತ್ತಿ, ಆಚೆ ಗೋಡೆಯವರೆಗೂ ಹೋಗಿ ನಿಂತಳು. ನಾನು ಏನೋ ಹೇಳಬೇಕು ಅಂತ ಒಂದು ಹೆಜ್ಜೆ ಮುಂದಿಟ್ಟೆ.

ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ ಅವಳು. ನಾನು ಏನು ಮಾಡಿದರೂ ಮುಚ್ಚಿಹಾಕಿದವಳು. ಅವಳು ನನಗೆ ಹೆದರಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಅಲ್ಲೇ ನಿಲ್ಲು," ಅಂದಳು. "ಇವಳ ಹತ್ತಿರ ಬರಬೇಡ."