ಸೊಸೆಯ ಎದೆಯ ಮೇಲಿನ ಬಿಲ್ಲೆ

ಅಂಕಲಗಿಯ ಉದ್ದವ್ವನಿಗೆ ಸೊಸೆಯ ಅಂಗಿಯ ಮೇಲಿನ ಬಿಲ್ಲೆ ಎಂದರೆ ತಾಯತವೇ. ಸೊಸೆ ಸಂಘಮಿತ್ರಾ ಸಕ್ಕರೆ ಕಾರ್ಖಾನೆಗಳ ಬಾಯ್ಲರ್ ಪೈಪುಗಳಿಗೆ ಎಕ್ಸ್-ರೇ ಹಿಡಿದು ಬೆಸುಗೆಯಲ್ಲಿ ಬಿರುಕಿದೆಯೇ ಎಂದು ನೋಡುವವಳು. ಇವತ್ತು ಮೂಡಲಗಿ ಕಡೆ, ನಾಳೆ ಹುಕ್ಕೇರಿ ಕಡೆ. "ಇದು ಕಾಯೂದಿಲ್ರಿ ಅತ್ತಿ, ಮೈಮ್ಯಾಲೆ ಎಷ್ಟು ಕಿರಣ ಬಿತ್ತು ಅಂತ ಲೆಕ್ಕ ಇಡತೈತಿ ಅಷ್ಟ," ಎಂದು ಅವಳು ಎಷ್ಟು ಸಲ ಹೇಳಿದರೂ ಮುದುಕಿ ಕೇಳಬೇಕಲ್ಲ! ಕಾಯದಿದ್ದರೆ ಎದೆಯ ಮೇಲೆ ಯಾಕೆ ಹಾಕಿಕೊಳ್ಳುತ್ತಾರೆ?

ಎರಡು ಸಲ ನಿಂತ ಬಸಿರು ಎರಡೂ ಸಲ ಇಳಿದುಹೋಗಿತ್ತು. ಎರಡೂ ಸಲ ಉದ್ದವ್ವ ಖುಷಿ ತಡೆಯಲಾರದೆ ನಳದ ಹತ್ತಿರ ಬಾಯಿ ಬಿಟ್ಟಿದ್ದಳು. ಬಾಜೂ ಮನೆಯ ಹನಮವ್ವನ ಕಿವಿಗೆ ಬಿದ್ದ ಮಾತು ಊರು ತುಂಬಲು ಎಷ್ಟು ಹೊತ್ತು? ಕಣ್ಣು ಬಿತ್ತು ಎಂದೇ ಉದ್ದವ್ವನ ತೀರ್ಮಾನ. ಊರ ಹೆಂಗಸರ ತೀರ್ಮಾನ ಬೇರೆ: "ಆಕೀ ಹೊಟ್ಯಾಗ ಕೂಸು ನಿಲ್ಲಂಗಿಲ್ಲ." ಅದನ್ನು ಕೇಳಿದ ದಿನ ಸಂಘಮಿತ್ರಾ ಊಟ ಮಾಡಿರಲಿಲ್ಲ.

ಹಾಗಾಗಿ ಮೂರನೇ ಸಲ ಸೊಸೆ ಸುದ್ದಿ ಹೇಳಿದಾಗ ಮುದುಕಿ ಅವಳ ಬಾಯಿಯ ಮೇಲೆ ಕೈಯಿಟ್ಟಳು. "ಮೂರು ತಿಂಗಳ ತುಂಬೂತನಕ ಯಾರ ಮುಂದೂ ಉಸರ ಬಿಡಬ್ಯಾಡ."

"ಕೆಲಸದಾಗ ಶಿವಾನಿ ಮೇಡಮ್ಮಗ ಹೇಳಬೇಕ್ರಿ. ಬಸರಿ ಅಂದಕೂಡ್ಲೇ ಎಕ್ಸ್-ರೇ ಬಿಡಿಸಿ ಆಫೀಸಿನಾಗ ಕೂಡಸ್ತಾರ. ಹಂಗ ನೇಮ ಐತಿ."

"ಆಫೀಸಿನಾಗ ಯಾಕ ಕೂತಿ ಅಂತ ಎಲ್ಲಾರೂ ಕೇಳೂದಿಲ್ಲೇನ? ತಾಯತ ಐತಲ್ಲ ಎದಿ ಮ್ಯಾಲೆ. ನನ್ನಾಣಿ ಐತಿ ನೋಡು."

ಆಣೆ ಹಾಕಿದ ಮೇಲೆ ಇನ್ನೇನು ಮಾತು? ಸಂಘಮಿತ್ರಾ ಕೆಲಸದಲ್ಲಿ ಮೊದಲಿಗಿಂತ ದೂರ ನಿಲ್ಲತೊಡಗಿದಳು. ಹೇಳಲು ಮಾತ್ರ ಹೋಗಲಿಲ್ಲ.

ತಿಂಗಳು ಮೂರು ತುಂಬುವ ಮೊದಲೇ, ಹುಕ್ಕೇರಿಯಿಂದ ಬರುವ ಬಸ್ಸಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತವಳನ್ನು ಗೋಕಾಕದ ದವಾಖಾನೆಗೆ ಒಯ್ದರು. ಅಲ್ಲಿಂದ ಅವಳು ಬರಿಹೊಟ್ಟೆಯಲ್ಲಿ ಮನೆಗೆ ಬಂದಳು.

ಉದ್ದವ್ವನಿಗೆ ಒಂದೇ ಚಿಂತೆ. ತನ್ನ ಆಣೆಯೇ ಕೂಸನ್ನು ತಿಂದಿತೆ? ಬಿಲ್ಲೆ ಲ್ಯಾಬಿಗೆ ಹೋಗಿದೆ, ಲೆಕ್ಕ ಬಂದ ಮೇಲೆ ಗೊತ್ತಾಗುತ್ತದೆ ಎಂದ ಮಗ ಯಲ್ಲಾರಿ. ಅಂದಿನಿಂದ ಮುದುಕಿ ಗೋಡೆಯ ಮೇಲಿನ ಬುದ್ಧನ ಮುಂದೆ ಕೂತು ಬೇಡಿದ್ದು ಒಂದೇ, ಕಿರಣ ಬೀಳದೆ ಇದ್ದಿರಲಿ ಎಂದು. ಬಾಯಿ ಕಟ್ಟಿಕೊಳ್ಳಲಾರದ ಜೀವ, ಹನಮವ್ವನ ಮುಂದೆಯೂ ಅತ್ತು ಎಲ್ಲ ಹೇಳಿಕೊಂಡಳು.

ಒಂದು ಮಧ್ಯಾಹ್ನ ಸಂಘಮಿತ್ರಾ ಫೋನು ಹಿಡಿದು ಅಂಗಳಕ್ಕೆ ಬಂದಳು. "ಲೆಕ್ಕ ಬಂತ್ರಿ ಅತ್ತಿ. ಏನೂ ಬಿದ್ದಿಲ್ಲಂತ. ಎಕ್ಸ್-ರೇದಿಂದ ಹೋಗಿದ್ದಲ್ಲ ಅಂದ್ರು ಮೇಡಂ."

ಮುದುಕಿ ಇದ್ದಲ್ಲೇ ಕುಸಿದು ಕೂತು ಗಳಗಳನೆ ಅತ್ತಳು. ಎದೆಯ ಮೇಲಿನ ಬೀಸುವ ಕಲ್ಲು ಇಳಿದಿತ್ತು. ಕಣ್ಣೊರೆಸಿಕೊಂಡು ತಲೆಯೆತ್ತಿದಾಗಲೇ ಅವಳಿಗೆ ಸೊಸೆಯ ಮುಖ ಕಂಡದ್ದು.

"ಇದೊಂದ ಸಲ ಲೆಕ್ಕ ಜಾಸ್ತಿ ಬರಲಿ ಅಂತಿದ್ನಿರಿ," ಎಂದಳು ಸಂಘಮಿತ್ರಾ. "ಹಂಗ ಬಂದಿದ್ರ ಊರಾಗ ನನ್ನ ಹೊಟ್ಟೀದ ತಪ್ಪಲ್ಲ ಅಂತಿದ್ರು."

ಉದ್ದವ್ವನ ಅಳು ನಿಂತಿತು. ಇಷ್ಟು ದಿನ ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಬಿಲ್ಲೆಗೆ ಕಾದಿದ್ದರು. ತಾನು ಬೇಡಿದ್ದು ಈ ಹುಡುಗಿಯ ಕೊರಳಿಗೆ ಬಂದಿತ್ತು. ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

ಅಷ್ಟರಲ್ಲಿ ಗೋಡೆಯಾಚೆಯಿಂದ ಹನಮವ್ವ ಕೂಗಿದಳು: "ಉದ್ದವ್ವಾ, ಬಂತೇನ ಬೇ ಲೆಕ್ಕ?"

ಉದ್ದವ್ವ ಸೊಸೆಯ ಕೈ ಹಿಡಿದುಕೊಂಡೇ ಎದ್ದಳು.

"ಬಂತವ್ವಾ. ಕಿರಣ ಬಾಳ ಬಿದ್ದೈತಂತ. ನನ್ನ ಆಣೀನ ಕೂಸನ್ನ ತಿಂತು. ಹೋಗು, ನಳದ ಹತ್ತರ ಎಲ್ಲಾರಿಗೂ ಹೇಳು."