ಬಂದೂಕಿನ ಪರ, ಹೆಂಡತಿಯ ವಿರುದ್ಧ

ನಾನು ಬಂದೂಕು ರಿಪೇರಿ ಮಾಡುವವನು. ನನ್ನ ಹೆಂಡತಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನರ್ಸು. ನಮ್ಮಿಬ್ಬರಿಗೆ ಗಂಟು ಹಾಕಿದವರು ಯಾರೋ ತಮಾಷೆಗೆ ಹಾಕಿರಬೇಕು. "ಬಂದೂಕು ಕೆಡೋಕೆ ನೀವು ಬಿಡಲ್ಲ, ಗುಂಡು ತಿಂದೋರು ಸಾಯೋಕೆ ನಾನು ಬಿಡಲ್ಲ. ಒಳ್ಳೇ ಸಂಸಾರ" ಎಂದು ಅವಳು ತಟ್ಟೆಗೆ ಅನ್ನದ ಜೊತೆ ಮಾತನ್ನೂ ಬಡಿಸುತ್ತಿದ್ದಳು.

ಆ ವರ್ಷ ಮಾರುಕಟ್ಟೆ ಬೀದಿಯಲ್ಲಿ ಒಬ್ಬ ಕುಡುಕ ಗುಂಡು ಹಾರಿಸಿ ಇಬ್ಬರು ಆಸ್ಪತ್ರೆ ಸೇರಿದ್ದರು. ಮನೆಯಲ್ಲಿ ಬಂದೂಕು ಇಡಬಾರದು ಎಂಬ ಮಸೂದೆ ಬಂತು. ಬಸ್ ನಿಲ್ದಾಣದಿಂದ ಹಿಡಿದು ಕ್ಷೌರದ ಅಂಗಡಿಯವರೆಗೆ ಎಲ್ಲರೂ ಮಂತ್ರಿಗಳೇ. ಅದರ ಜೊತೆಗೇ ಇನ್ನೊಂದು ಕಾಯ್ದೆ ಸದ್ದಿಲ್ಲದೆ ಪಾಸಾಗಿತ್ತು: ಹದಿನಾಲ್ಕು ತುಂಬದ ಮಕ್ಕಳು ಸ್ವಂತ ಅಪ್ಪನ ಅಂಗಡಿಯಲ್ಲೂ ದುಡಿಯುವಂತಿಲ್ಲ, ಸಿಕ್ಕಿಬಿದ್ದರೆ ಅಂಗಡಿಗೆ ಬೀಗ. ನನ್ನನ್ನು ನಿಜವಾಗಿ ಇರಿದದ್ದು ಇದು.

ಯಾಕೆಂದರೆ ನನ್ನ ಮಗಳಿಗೆ ಆಗ ಹನ್ನೆರಡು. ಶಾಲೆ ಬಿಟ್ಟವಳೇ ಅಂಗಡಿಗೆ ಓಡಿಬರುತ್ತಿದ್ದಳು. ನನ್ನ ಕಣ್ಣು ಮಂಜಾಗುತ್ತ ಬಂದಿತ್ತು. ಅಕ್ಕಿಕಾಳಿನಷ್ಟು ಸ್ಪ್ರಿಂಗು, ಸ್ಕ್ರೂಗಳನ್ನೆಲ್ಲ ಕೂರಿಸುತ್ತಿದ್ದದ್ದು ಅವಳೇ. ಅವಳಿಲ್ಲದೆ ನನ್ನ ಅರ್ಧ ಕೆಲಸ ಆಗುತ್ತಿರಲಿಲ್ಲ. ಸುಳ್ಳೇಕೆ, ಅವಳಿಲ್ಲದೆ ನನಗೆ ಹೊತ್ತೂ ಹೋಗುತ್ತಿರಲಿಲ್ಲ. "ಕಾಯ್ದೆ ಬಂದಿದೆ, ಮಗೂನ ಬಿಟ್ಬಿಡಿ" ಎಂದು ಹೆಂಡತಿ ದಿನಾ ರಾಗ ಎಳೆಯುತ್ತಿದ್ದಳು. ನಾನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದೆ.

ಹೀಗಿರುವಾಗ ಶಾಲೆಯಲ್ಲಿ ಚರ್ಚಾಸ್ಪರ್ಧೆ ಇಟ್ಟರು. ವಿಷಯ: ಮನೆಯಲ್ಲಿ ಬಂದೂಕು ಬೇಕೇ? ಚೀಟಿ ಎತ್ತಿದಾಗ ಮಗಳಿಗೆ 'ಬೇಕು' ಬಂತು. ಕ್ಷೌರಿಕನ ಮಗ, ಎಲ್ಲರೂ ಗುಂಗುರು ಎಂದು ಕರೆಯುವ ಹುಡುಗ, ಅವನಿಗೆ 'ಬೇಡ'.

ನನ್ನ ಸಂತೋಷಕ್ಕೆ ಮಿತಿಯಿಲ್ಲ. ಒಂದು ವಾರ ಅಂಗಡಿಯ ಬಾಗಿಲು ಅರ್ಧ ಎಳೆದು ಅವಳಿಗೆ ಭಾಷಣ ಅರೆದು ಕುಡಿಸಿದೆ. "ತಪ್ಪು ಬಂದೂಕಿಂದಲ್ಲ, ಕೈಯದು ಅನ್ನು. ಆಮೇಲೆ ಒಂದು ಸ್ವಂತ ಉದಾಹರಣೆ ಕೊಡು. ಎಂಟನೇ ವರ್ಷದಿಂದ ನಾನು ಬಂದೂಕು ಬಿಚ್ಚಿ ಜೋಡಿಸ್ತಿದೀನಿ, ಒಂದು ಇರುವೆಗೂ ನೋವಾಗಿಲ್ಲ ಅನ್ನು. ಸಭೆ ಎದ್ದು ಚಪ್ಪಾಳೆ ಹೊಡೆಯುತ್ತೆ!"

"ಇದನ್ನ ಹೇಳ್ಲೇಬೇಕಾ ಅಪ್ಪ?" ಎಂದು ಅವಳು ಒಮ್ಮೆ ಕೇಳಿದಳು.

"ಅದೇ ಕಣೇ ನಮ್ಮ ಬ್ರಹ್ಮಾಸ್ತ್ರ" ಎಂದೆ. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಎಂದರೆ ಇದೇ.

ಸ್ಪರ್ಧೆಯ ದಿನ ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕುಳಿತೆ. ಹೆಂಡತಿ ಅದೇಕೋ ಹಿಂದಿನ ಸಾಲಿಗೆ ಹೋದಳು. ಮುಖ್ಯ ತೀರ್ಪುಗಾರರನ್ನು ಪರಿಚಯಿಸಿದಾಗ ನಾನು ಕುರ್ಚಿಯ ತುದಿಗೆ ಬಂದೆ: ಕಾರ್ಮಿಕ ಇಲಾಖೆಯ ಅಧಿಕಾರಿ! ಮಗಳಿಗೆ ಸನ್ನೆ ಮಾಡೋಣವೆಂದರೆ ಅವಳಾಗಲೇ ಮೈಕಿನ ಮುಂದೆ ನಿಂತಿದ್ದಳು. ನಾನು ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು, ಎಂಟನೇ ವರ್ಷವನ್ನೂ ಇರುವೆಯನ್ನೂ ಸೇರಿಸಿ. ಚಪ್ಪಾಳೆಯೇನೋ ಬಿತ್ತು. ನನಗೆ ಮಾತ್ರ ಅದು ಕೆನ್ನೆಗೆ ಬಿದ್ದಂತಾಯಿತು.

ಗುಂಗುರು ಎದ್ದ. "ಮನೇಲಿ ಬಂದೂಕಿದ್ರೆ ಕಳ್ಳ ಬರೋ ಮುಂಚೆ ಜಗಳ ಬರುತ್ತೆ. ಸಿಟ್ಟು ಎರಡು ನಿಮಿಷದಲ್ಲಿ ಇಳಿಯುತ್ತೆ, ಗುಂಡು ಇಳಿಯಲ್ಲ" ಎಂದ. ಈ ಮಾತನ್ನು ನಾನೆಲ್ಲೋ ಕೇಳಿದ್ದೆ. ಎಲ್ಲೋ ಏನು, ನಮ್ಮ ಅಡುಗೆಮನೆಯಲ್ಲೇ! ತಿರುಗಿ ನೋಡಿದೆ. ನನ್ನ ಧರ್ಮಪತ್ನಿ ಸೀಲಿಂಗ್ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಎದುರು ಪಕ್ಷದ ಗೆಳತಿಗೆ ಒಂದು ಪ್ರಶ್ನೆ" ಎಂದ ಗುಂಗುರು. ಇದನ್ನು ನನ್ನ ಹೆಂಡತಿ ಹೇಳಿಕೊಟ್ಟಿರಲಿಲ್ಲವಂತೆ, ಆಮೇಲೆ ಆಣೆ ಹಾಕಿದಳು. ಹುಡುಗನ ಸ್ವಂತ ತಲೆ. "ಎಂಟನೇ ವರ್ಷದಿಂದ ಅಂದ್ಯಲ್ಲ, ಹಾಗಾದ್ರೆ ನೀನು ನಿಮ್ಮಪ್ಪನ ಅಂಗಡೀಲಿ ಕೆಲಸ ಮಾಡ್ತೀಯಾ?"

ಅಧಿಕಾರಿ ಕನ್ನಡಕ ಏರಿಸಿಕೊಂಡರು. ಹೌದು ಎಂದರೆ ಅಂಗಡಿಗೆ ಬೀಗ. ಇಲ್ಲ ಎಂದರೆ ಈಗಷ್ಟೇ ಆಡಿದ್ದು ಸುಳ್ಳು. ಹಿಂದಿನ ಸಾಲಿನಲ್ಲಿ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಮಗಳು ನನ್ನನ್ನು ನೋಡಿದಳು. ಆಮೇಲೆ ನಕ್ಕಳು.

"ಆಟಕ್ಕೆ ಬಿಚ್ಚಿ ಜೋಡಿಸ್ತೀನಿ, ನಮ್ಮಜ್ಜನ ಹಳೇ ಬಂದೂಕನ್ನ, ಮನೇಲಿ. ಅಂಗಡಿಗೆ ಹೋಗೋದು ಅಪ್ಪನಿಗೆ ಊಟ ಕೊಡೋಕೆ. ಅವರು ಉಣ್ಣೋವರೆಗೂ ಸುಮ್ನೆ ನೋಡ್ತಾ ಕೂತಿರ್ತೀನಿ. ನೋಡ್ತಾ ಕೂರೋದೂ ದುಡಿಮೆ ಅಂತಾದ್ರೆ, ಮೊದಲು ಈ ಸಭೆಯವರಿಗೆಲ್ಲ ಸಂಬಳ ಕೊಡಿಸ್ಬೇಕಾಗುತ್ತೆ!"

ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಹೆಚ್ಚು ನಕ್ಕವರು ಅಧಿಕಾರಿ. ಮೊದಲ ಬಹುಮಾನ ನಮ್ಮ ಮನೆಗೆ ಬಂತು.

ಮನೆಗೆ ನಡೆದು ಬರುವಾಗ ನಾನು ನೆಲದ ಮೇಲಿರಲಿಲ್ಲ. "ಹುಲಿ ಕಣೇ ನೀನು! ಅಂಗಡಿ ಉಳಿಸಿದೆ" ಎಂದೆ. ಅಮ್ಮನೂ ಮಗಳೂ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು. ಬಾಗಿಲ ಹತ್ತಿರ ಬಂದಾಗ ಮಗಳು ಬಹುಮಾನದ ಕಪ್ಪನ್ನು ನನ್ನ ಕೈಗಿಟ್ಟಳು.

"ಅಷ್ಟು ಜನರ ಮುಂದೆ ಸುಳ್ಳು ಹೇಳಿದೆ ಅಪ್ಪ. ನಾಳೆಯಿಂದ ಅದನ್ನ ನಿಜ ಮಾಡ್ತೀನಿ."

ನಾನು ನಕ್ಕುಬಿಟ್ಟೆ. ಅವಳ ಅಮ್ಮ ನಗಲಿಲ್ಲ.

ಮರುದಿನ ಶಾಲೆಗೆ ರಜೆ. ಮಧ್ಯಾಹ್ನ ಮಗಳು ಅಂಗಡಿಗೆ ಊಟದ ಡಬ್ಬಿ ತಂದು ಸ್ಟೂಲಿನ ಮೇಲೆ ಕುಳಿತಳು. ಅದೇ ಹೊತ್ತಿಗೆ ನನ್ನ ಚಿಮುಟದಿಂದ ಒಂದು ಸ್ಪ್ರಿಂಗು ಚಿಮ್ಮಿ ಎಲ್ಲೋ ಬಿತ್ತು. ನಾನು ಮಂಡಿಯೂರಿ ನೆಲವೆಲ್ಲ ತಡಕಿದೆ, ಬೆಂಚಿನ ಕೆಳಗೆ, ಎಣ್ಣೆ ಡಬ್ಬದ ಹಿಂದೆ, ನನ್ನದೇ ಚಪ್ಪಲಿಯೊಳಗೆ. ಸಿಗಲಿಲ್ಲ. ಅವಳ ಕಣ್ಣಿಗೆ ಬಿದ್ದಿದೆ ಎಂದು ಅವಳ ಮುಖವೇ ಹೇಳುತ್ತಿತ್ತು.

"ಎಲ್ಲಿದೆ ಹೇಳೇ" ಎಂದೆ.

"ಹುಡುಕಿಕೊಡೋದೂ ಕೆಲಸಾನೇ ಅಪ್ಪ. ಊಟ ಆರ್ತಿದೆ."

ಸಿಟ್ಟು ನೆತ್ತಿಗೇರಿತು. ಬೈಯಲೆಂದು ತಲೆಯೆತ್ತಿದೆ. ಮಗಳು ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತಿದ್ದಳು, ಬಿಟ್ಟರೆ ಅವು ತಾವಾಗಿಯೇ ಬೆಂಚಿಗೆ ಓಡಿಬಿಡುತ್ತವೇನೋ ಎಂಬಂತೆ. ಕಣ್ಣು ತುಂಬಿದ್ದರೂ ತುಟಿಯಂಚಿನಲ್ಲಿ ನಗು ತಡೆದುಕೊಂಡಿದ್ದಳು. ನಾನು ಕೈ ತೊಳೆದು ಬಂದು ಡಬ್ಬಿ ತೆರೆದೆ.