ಗೋಡೆಗೆ ತಿರುಗಿದ ವ್ಯಾಕುಲಮಾತೆ

ಲೋಟದ ಅಂಚಿನಲ್ಲಿ ಒಂದು ನೊಣ, ಸುತ್ತು ಹಾಕಿ ಹಾಕಿ ಎನಾಮಲ್ ಕಿತ್ತುಹೋದ ಕರಿ ಚಕ್ಕೆಯ ಹತ್ತಿರ ಬಂದು ನಿಲ್ಲುತ್ತದೆ, ಮತ್ತೆ ಹೊರಡುತ್ತದೆ, ರುಮಾಲ್ದಾ ಅದನ್ನೇ ನೋಡುತ್ತಿದ್ದಾಳೆ, ಮಡಿಲಲ್ಲಿರುವ, ಅಜ್ಜ ಬರೆದ ವ್ಯಾಕುಲಮಾತೆಯ ಹಲಗೆಯನ್ನು ನೋಡುವುದಕ್ಕಿಂತ ಅದೇ ವಾಸಿ — ಅಣ್ಣ ಸೆಲೆಡೋನನ ನೀಲಿ ಲೋಟ, ಅವನು ಜ್ವರದಲ್ಲಿ ಹೋಗಿ ಅರವತ್ತೊಂದು ವರ್ಷ, ಈಗ ಅದರಲ್ಲಿ ಅವಳು ಕುಂಚ ತೊಳೆಯುತ್ತಾಳೆ, ನೀರು ಇನ್ನೂ ತಿಳಿಯಾಗಿದೆ, ಬೆಳಗಿನಿಂದ ಒಂದು ಗೆರೆಯನ್ನೂ ಎಳೆದಿಲ್ಲ. ಅಮ್ಮನ ಕೋಣೆಯ ಮೊಳೆಯಿಂದ ಹಲಗೆ ಇಳಿಸಿದಳು, ಜೇಡರ ಬಲೆ ಒರೆಸಿದಳು, ತಿರುಗಿಸಿದಳು, ಮಾಡಿದ್ದು ಅಷ್ಟೇ. ನೀಲಿ ಸೆರಗು ಇದೆ, ಕೆಂಪು ನಿಲುವಂಗಿ ಇದೆ, ಎದೆಗೆ ನೆಟ್ಟ ಏಳು ಕತ್ತಿಗಳಿವೆ, ಜೋಡಿಸಿದ ಕೈಗಳ ಆ ನೀಳ ಬೆರಳುಗಳು ಅಜ್ಜನವೇ, ಈ ಗುಡ್ಡದಲ್ಲಿ ಇನ್ನಾರೂ ಹಾಗೆ ಬರೆದವರಿಲ್ಲ — ಮುಖ ಇಲ್ಲ. ಮುಖ ಇರಬೇಕಾದಲ್ಲಿ ಮೊಟ್ಟೆಯಾಕಾರದಲ್ಲಿ, ಬಣ್ಣದಡಿ ಬಳಿಯುವ ಬಿಳುಪು, ಅದರ ಮೇಲೆ ಒಂದೇ ದಿಕ್ಕಿಗೆ ಎಳೆದ ಚಾಕುವಿನ ಗೀರು, ನಡುವೆ ಬರೀ ಪೈನ್ ಮರ. ಇಲಿಯಲ್ಲ, ಹುಳವಲ್ಲ, ಇಲಿ ಇಷ್ಟು ಜತನದಿಂದ ಹೆರೆಯುವುದಿಲ್ಲ, ಸೆರಗಿನ ಗೆರೆಗೆ ಕೂದಲೆಳೆಯಷ್ಟೂ ತಾಗಿಲ್ಲ. ನಮೋ ಮರಿಯಾ, ವರಪ್ರಸಾದ ಪೂರ್ಣೆ — ಮುಂದಿನ ಮಾತು ಬರುತ್ತಿಲ್ಲ, ಮುಖ ಬರೆಯುವ ಮುನ್ನ ನಲವತ್ತು ವರ್ಷದಿಂದ ಹೇಳಿಕೊಂಡು ಬಂದ ಜಪ, ಬರುತ್ತಿಲ್ಲ. ಕಿಟಕಿಯಲ್ಲಿ ದೋನ್ ಎಲೀಸೆಯೋ ತಲೆ ಹಾಕುತ್ತಾನೆ, ಇಗರ್ಜಿಯ ಬೀಗದಕೈ ಸೊಂಟದಲ್ಲಿ ಜಣಜಣ, ಏನು ದೋನ್ಯಾ ರುಮಾಲ್ದಾ, ಆಯ್ತಾ ನಮ್ಮ ಮಾತೆ, ನಾಳೆ ಹಬ್ಬ, ಹೂವಿನೋರು ಬಂದು ಕೂತಿದಾರೆ. ಅವಳು ಹಲಗೆ ಮಗುಚಿ ಹಾಕುತ್ತಾಳೆ. ಒಂಚೂರು ಮುಖ ತಿದ್ದೋದಿದೆ ಅನ್ನುತ್ತಾಳೆ, ತನ್ನ ದನಿ ಬೇರೆ ಯಾರದೋ ಹಾಗೆ. ತಿದ್ದಿ ತಿದ್ದಿ, ಆದ್ರೆ ನನ್ನ ಹೆಂಡ್ತಿ ಮುಖ ನೆನಸ್ಕೊಂಡು ತಿದ್ದಬೇಡಿ, ಜನ ಜಪಸರ ಬಿಸಾಕಿ ಓಡ್ತಾರೆ, ಮೂರು ಗಂಟೆಗೆ ಬರ್ತೀನಿ. ನಕ್ಕನು, ಹೋದನು. ಪಟ್ಟಣದ ಪಾದ್ರಿ ಕೊಟ್ಟ ಸುಣ್ಣದಚ್ಚಿನ ಗೊಂಬೆಯನ್ನು ಬದಿಗಿಟ್ಟು ಈ ಹಲಗೆಗೆಂದು ಜಾಗ ಬಿಡಿಸಿದವನು ಅವನೇ, ನಮ್ಮ ಮರ, ನಮ್ಮ ಮಣ್ಣು, ನಮ್ಮ ಕೈ, ಈ ಮಾತೆ ನಮ್ಮ ಮಾತು ಬಲ್ಲವಳು ಅಂದಿದ್ದ.

ಕೇಳಿದ್ದು ಕೊಡದ ಸಂತರಿಗೆ ಈ ಗುಡ್ಡದಲ್ಲಿ ಒಂದೇ ಶಿಕ್ಷೆ, ಗೋಡೆಗೆ ಮುಖ — ಒಂದು ವಾರ, ಒಂದು ತಿಂಗಳು, ಮಳೆ ಬಂತೋ ಮತ್ತೆ ಈ ಕಡೆ. ಅಮ್ಮ ಅರವತ್ತೊಂದು ವರ್ಷ ಮಾತೆಯನ್ನು ಈ ಕಡೆ ತಿರುಗಿಸಲಿಲ್ಲ. ಮಗನ್ನ ಕಿತ್ಕೊಂಡು ಹೆಣ್ಣನ್ನ ಉಳಿಸಿದ್ಳಲ್ಲ ಅಂತ ಸಿಟ್ಟು ಕಣೇ ನಿಮ್ಮಮ್ಮಂಗೆ, ಕಾಲುವೆಯ ಹತ್ತಿರ ಹೆಂಗಸರು ಅಂದಾಗ ರುಮಾಲ್ದಾಗೆ ಏಳು ವರ್ಷ, ಆ ಮಾತನ್ನು ಅಂದೇ ನಂಬಿದಳು, ನಂಬದೆ ಏನು ಮಾಡಿಯಾಳು, ಅಮ್ಮ ಜಡೆ ಹಾಕುವುದು ಹಿಂದಿನಿಂದ, ಊಟ ಬಡಿಸುವುದು ಪಕ್ಕದಿಂದ, ಎದುರು ನಿಂತು ಮುಖ ನೋಡಿದ್ದೇ ಇಲ್ಲ, ನಂಗೆ ಆ ಮುಖ ನೋಡೋಕಾಗಲ್ಲ ಎಂದು ಒಮ್ಮೆ ಯಾರಿಗೋ ಹೇಳುತ್ತಿದ್ದಳು, ಯಾವ ಮುಖ ಎಂದು ಇವಳು ಕೇಳಲಿಲ್ಲ, ಈ ವರ್ಷದ ಉಪವಾಸಕಾಲದಲ್ಲಿ ಅಮ್ಮನನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿದಾಗಲೂ ಕೇಳಲಿಲ್ಲ. ಈಗ ಕೈ ತಾನಾಗಿ ಹಲಗೆ ಎತ್ತುತ್ತದೆ, ಕಸುಬಿನ ಕೈ ಅದು, ಸುಟ್ಟ ಬಿಳಿಗಲ್ಲಿನ ಪುಡಿಗೆ ಅಂಟು ಸಾಕೋ ಸಾಲದೋ ಎಂದು ನಾಲಿಗೆ ತಾಗಿಸಿ ನೋಡುವ ಅಭ್ಯಾಸ, ಯೋಚಿಸದೆ ಹಳೆಯ ಬಿಳುಪಿಗೆ ನಾಲಿಗೆ ತಾಗಿಸಿದಳು — ಗಂಜಿ. ನೀಲಿ ಮೆಕ್ಕೆಜೋಳದ ಗಂಜಿ, ಬಿಸಿ, ಹಲ್ಲಿಗೆ ಸಿಗುವ ನುಣ್ಣನೆ ಮರಳು, ಆ ಚಳಿಗಾಲದ ಜ್ವರ, ನುಂಗು ಪುಟ್ಟಿ, ಉಗೀಬಾರ್ದು, ಇದು ಉಗಿಯೋದಲ್ಲ, ಅಮ್ಮನ ಅಂಗೈ ಬಾಯಿಯ ಮೇಲೆ. ಅಜ್ಜಿ ಹೇಳುತ್ತಿದ್ದಳಲ್ಲ, ಪಾದ್ರಿ ಬೈದರೂ ಬಿಡದೆ ಹೇಳುತ್ತಿದ್ದಳಲ್ಲ, ಕೊಲ್ಲೋ ಜ್ವರಕ್ಕೆ ಮಾತೆಯ ಮುಖದ ಬಿಳುಪೇ ಆಗಬೇಕು, ಸೆರಗಿನದಕ್ಕೆ ಬಗ್ಗಲ್ಲ, ಇಬ್ಬರಿಗೆ ಹಂಚಿದರೆ ಇಬ್ಬರಿಗೂ ಇಲ್ಲ, ಒಂದು ಮುಖ ಒಂದು ಜೀವಕ್ಕೆ. ಅಂದರೆ ಅಮ್ಮ ಚಾಕು ಹಿಡಿದು, ಹೆರೆದು, ಗಂಜಿಗೆ — ಏಳು ಕತ್ತಿಯ ತಾಯೇ, ಎಂಟನೆಯದು ಯಾರ ಕೈಯಲ್ಲಿತ್ತು. ಅಂದರೆ ಮಾತೆಗೆ ಶಿಕ್ಷೆಯಲ್ಲ ಅದು, ಸಿಟ್ಟಲ್ಲ, ಮುಚ್ಚಿಟ್ಟದ್ದು. ಅಂದರೆ ಆ ಮುಖ ತನ್ನೊಳಗೇ ಇತ್ತು, ಅಮ್ಮ ಹಿಂದಿನಿಂದ ಜಡೆ ಹಾಕುತ್ತಿದ್ದ ಈ ತಲೆಯ ಮುಂಭಾಗದಲ್ಲಿ. ತನ್ನನ್ನು ಬೇಡವೆಂದವಳಲ್ಲ, ಆರಿಸಿಕೊಂಡವಳು. ಯಾಕೆ, ಯಾಕೆ ನನ್ನ, ಹುಡುಗ ಗಟ್ಟಿ, ತಾನೇ ಎದ್ದಾನು ಅಂದುಕೊಂಡಳೋ, ಇಲ್ಲ ಮೊದಲು ಕೈಗೆ ಸಿಕ್ಕ ಹಾಸಿಗೆ ನನ್ನದೋ, ಕೇಳಬೇಕಾದವಳು ಮಣ್ಣಲ್ಲಿದ್ದಾಳೆ.

ಮೂರು ಗಂಟೆಯೊಳಗೆ ಒಂದು ಮುಖ ಬರೆದರೆ ಯಾರಿಗೂ ತಿಳಿಯುವುದಿಲ್ಲ. ಎರಡು ಪದರ ಬಿಳುಪು ಬಳಿದರೆ ಗೀರು ಮುಚ್ಚಿತು, ಹುಬ್ಬು, ಮೂಗು, ಎರಡು ಹನಿ ಕಣ್ಣೀರು, ನಾಳೆ ಊರೆಲ್ಲ ಮಂಡಿಯೂರುತ್ತದೆ — ಅಮ್ಮನ ಚಾಕುವಿನ ಮೇಲೆ. ಅಥವಾ ಹೀಗೆಯೇ ಒಯ್ದು ನಿಲ್ಲಿಸಿ, ನೋಡಿ, ತಿಂದವಳು ನಾನು ಎನ್ನಬೇಕು. ಕುಂಚ ಎತ್ತಿಕೊಂಡಳು. ಬೀಗದಕೈಗಳ ಜಣಜಣ ಬೀದಿಯ ತಿರುವಿನಲ್ಲಿ, ಆಗಲೇ ಮೂರಾಯಿತೇ. ನೀರಿಗೆ ಅದ್ದಲು ಕೈ ಚಾಚಿದಳು, ನೊಣ ಎದ್ದಿತು, ಕರಿ ಚಕ್ಕೆ — ಆಚೆ ಹಾಸಿಗೆಯಿಂದ ಎಂಟು ವರ್ಷದ ಸೆಲೆಡೋನ್ ಮೊಣಕೈ ಊರಿ ಏಳುತ್ತಾನೆ, ಲೋಟ ಚಾಚುತ್ತಾನೆ, ಅಮ್ಮಾ, ನಂಗೂ ಒಂಚೂರು, ಮತ್ತೆ ಅಮ್ಮ, ಬೆನ್ನು ತಿರುಗಿಸಿಯೇ, ಮುಗೀತು ಮಗನೇ, ಮುಗೀತು. ಒಲೆಯ ಮೇಲೆ ಗಂಜಿ ಕುದಿಯುತ್ತಲೇ ಇತ್ತು, ಪಾತ್ರೆ ತುಂಬ ಇತ್ತು, ರುಮಾಲ್ದಾ ನೋಡಿದ್ದಳು, ಅವನೂ ನೋಡಿದ್ದ, ಆದರೂ ಅವನು ಲೋಟ ಇಳಿಸಲಿಲ್ಲ, ಚಾಚಿದ ಕೈ, ನೀಲಿ ಲೋಟ, ಅಂಚಿನಲ್ಲಿ ಕರಿ ಚಕ್ಕೆ, ಚಾಚಿದ ಕೈ, ಖಾಲಿ ಲೋಟ